ಮೂರು ಉಸಿರಿನ ನಿಯಮ

ಮಾರ್ಚ್ 4, ಸೋಮವಾರ

ಅಕ್ಕ ಈ ನೋಟ್‌ಬುಕ್ ತಂದು ಹಾಸಿಗೆಯ ಮೇಲೆ ಎಸೆದು, "ನನ್ನ ತಲೆ ತಿನ್ನೋ ಬದಲು ಇದರಲ್ಲಿ ಬರಿ" ಎಂದು ಹೇಳಿ ಕೆಲಸಕ್ಕೆ ಹೋದಳು. ಸರಿ, ಬರೆಯುತ್ತೇನೆ. ಇವತ್ತಿಗೆ ಹನ್ನೆರಡು ದಿನ. ಬಟ್ಟೆ ಅಂಗಡಿಯೊಂದರ ಲಿಫ್ಟಿನ ಗುಂಡಿಗೆ ಬಿದ್ದು ಎಡಗಾಲಿನ ಎರಡು ಮೂಳೆ ಮುರಿದುಕೊಂಡಿದ್ದೇನೆ. ಒಳಗೆ ಪ್ಲೇಟು, ಹೊರಗೆ ತೊಡೆಯವರೆಗೆ ಪಟ್ಟಿ. ಲಿಫ್ಟ್ ರಿಪೇರಿ ನನ್ನ ಇಪ್ಪತ್ತೆರಡು ವರ್ಷದ ಕೆಲಸ. ಆದರೂ ನಾಲ್ಕನೆಯ ಮಹಡಿಯ ಈ ಮನೆಗೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ತರಬೇಕಾಯಿತು. ನಮ್ಮ ಕಟ್ಟಡದ ಲಿಫ್ಟ್ ಜನವರಿಯಿಂದ ಕೆಟ್ಟಿದೆ, ಮುಂದಿನ ವಾರ ನೋಡುತ್ತೇನೆ ಎಂದು ರಾಗ ಎಳೆಯುತ್ತಾ ಬಂದವನು ನಾನೇ. ಕೆಳಗಿನ ಮನೆಗಳವರು ಮೆಟ್ಟಿಲ ಬಳಿ ನಿಂತು ನೋಡಿದರು. ಒಬ್ಬರಾದರೂ ನಕ್ಕಿದ್ದರೆ ಸಮಾಧಾನ ಆಗುತ್ತಿತ್ತು.

ನಮ್ಮ ಆಟದ ಗುಂಪಿನ ಹಲ್ಲು ಡಾಕ್ಟರ್ ಫೋನ್ ಮಾಡಿದ್ದಳು. 'ಕಣಿವೆ' ಆಟದ ಮೂರನೆಯ ಆವೃತ್ತಿ ಬಂದಿದೆಯಂತೆ, ನನಗೂ ಒಂದು ಪ್ರತಿ ತರಿಸಿದ್ದಾಳಂತೆ. ಹತ್ತೊಂಬತ್ತು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಈ ಮನೆಯ ಊಟದ ಮೇಜಿನ ಸುತ್ತ ಕೂತು ನಾವು ಆಡುತ್ತಿರುವುದು ಎರಡನೆಯ ಆವೃತ್ತಿ. ಒಬ್ಬೊಬ್ಬರು ಒಂದೊಂದು ಪಾತ್ರ ಕಟ್ಟಿಕೊಳ್ಳುತ್ತಾರೆ, ಸೂತ್ರಧಾರ ಕಥೆ ಹೇಳುತ್ತಾ ಆಪತ್ತು ತಂದಿಡುತ್ತಾನೆ, ಗೆಲ್ಲುವುದೋ ಸಾಯುವುದೋ ದಾಳ ಹೇಳುತ್ತದೆ. ಆ ಸೂತ್ರಧಾರ ನಾನು. ಹೊಸ ಆವೃತ್ತಿ ಹೇಗಿರುತ್ತದೆ ಎಂದು ನೋಡದೆಯೇ ಹೇಳಬಲ್ಲೆ. ಬಣ್ಣದ ಚಿತ್ರ ಜಾಸ್ತಿ, ಬುದ್ಧಿ ಕಡಿಮೆ.

ಮಾರ್ಚ್ 10, ಭಾನುವಾರ

ಆಟದ ಮೂವರೂ ಮೆಟ್ಟಿಲು ಹತ್ತಿಕೊಂಡು ಬಂದರು. ಮೊದಲು ಹಲ್ಲು ಡಾಕ್ಟರ್, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. ಅವಳ ಹಿಂದೆ ಔಷಧಿ ಅಂಗಡಿ ನಡೆಸುವ ಮೇಡಂ. ಕೊನೆಗೆ ಗಣಿತದ ಮೇಷ್ಟ್ರು. ಅವರು ಬಂದವರೇ ಕುರ್ಚಿಯಲ್ಲಿ ಕೂತು ಐದು ನಿಮಿಷ ಮಂಡಿ ತಿಕ್ಕಿಕೊಳ್ಳುತ್ತಿದ್ದರು.

ಹೊಸ ಪುಸ್ತಕ ಇಟ್ಟಿಗೆಯಷ್ಟು ಭಾರ ಇದೆ. ಪರಿವಿಡಿ ನೋಡಿ ಮುಚ್ಚಿಟ್ಟೆ.

"ಓದಿ ನೋಡಿ ಸೂತ್ರಧಾರ್ರೇ, ಆಮೇಲೆ ಬೈಯಿರಿ," ಎಂದಳು ಹಲ್ಲು ಡಾಕ್ಟರ್.

"ಓದ್ತಾ ಕೂತ್ರೆ ಬೈಯೋಕೆ ಟೈಮೆಲ್ಲಿ?"

ಮೇಡಂ ನಕ್ಕರು. ಆದರೆ ಹೊಸದನ್ನು ಆಡಿ ನೋಡೋಣ ಅನ್ನುವವರು ಕೈ ಎತ್ತಿ ಎಂದು ಹಲ್ಲು ಡಾಕ್ಟರ್ ಹೇಳಿದಾಗ ಅವರೂ ಎತ್ತಿದರು. ಮೇಷ್ಟ್ರೂ ಎತ್ತಿದರು. ಇದು ಮೇಜು, ಚುನಾವಣೆ ಅಲ್ಲ ಎಂದೆ. ಅಷ್ಟಕ್ಕೆ ಮೇಷ್ಟ್ರು, "ಕಾಲು ಮುರಿದಿರೋದು ನಿಮ್ದು, ನೋವು ತಿಂತಿರೋದು ನಮ್ಮ ಮಂಡಿ. ಲಿಫ್ಟ್ ಸರಿಯಾಗೋವರೆಗೂ ಡಾಕ್ಟ್ರ ಕ್ಲಿನಿಕ್ಕಲ್ಲಿ ಆಡೋಣ. ನೀವು ಫೋನಲ್ಲಿ ಬನ್ನಿ" ಎಂದುಬಿಟ್ಟರು.

ಗೋಡೆಗೆ ಒರಗಿಸಿಟ್ಟ ಫೋನಿನಲ್ಲಿ ಬರೀ ತಲೆ ಕಾಣುವ ಸೂತ್ರಧಾರ ಆಗಲು ನನಗೆ ಇಷ್ಟವಿಲ್ಲ. ಹಾಗೆಂದು ಹೇಳಿದೆ. ಹಾಗಾದರೆ ಸದ್ಯಕ್ಕೆ ನಾನೇ ಸೂತ್ರಧಾರ ಆಗುತ್ತೇನೆ ಎಂದಳು ಹಲ್ಲು ಡಾಕ್ಟರ್. ಸದ್ಯಕ್ಕೆ ಎಂಬ ಮಾತನ್ನು ಎರಡು ಸಲ ಹೇಳಿದಳು.

ಮಾರ್ಚ್ 13, ಬುಧವಾರ

ನಲವತ್ತೊಂದು ಪುಟ ಓದಿದೆ. ಹದಿನೇಳು ತಪ್ಪು ಸಿಕ್ಕಿವೆ. ಕತ್ತಿಗೂ ದೊಣ್ಣೆಗೂ ಒಂದೇ ಲೆಕ್ಕ. ಹಸಿವು, ಬಾಯಾರಿಕೆ ಬೇಡವೇ ಬೇಡವಂತೆ. ಪಾತ್ರದ ಹಾಳೆಯಲ್ಲಿ 'ನಿನ್ನ ಭಯ ಯಾವುದು' ಎಂದು ಬರೆಯಲು ಒಂದು ಖಾನೆ. ಆಟ ಆಡಲು ಬಂದವರನ್ನು ಇದೆಲ್ಲ ಕೇಳುತ್ತಾರೆಯೇ. ಇಂಥ ಪುಸ್ತಕ ಮೂರು ತಿಂಗಳಲ್ಲಿ ಮೂಲೆ ಸೇರುತ್ತದೆ, ಬರೆದಿಟ್ಟುಕೊಳ್ಳಲಿ.

ಮಾರ್ಚ್ 17, ಭಾನುವಾರ

ಕಿಟಕಿಯಿಂದ ಎರಡು ಬೀದಿ ಆಚೆ ಕ್ಲಿನಿಕ್ಕಿನ ಹಸಿರು ಬೋರ್ಡು ಕಾಣುತ್ತದೆ. ಮೂರು ಗಂಟೆಗೆ ಮೇಷ್ಟ್ರ ಸ್ಕೂಟರ್ ಬಂತು. ಆರು ನಲವತ್ತಕ್ಕೆ ಹೋಯಿತು. ನಮ್ಮ ಆಟ ಎಂದೂ ಆರು ದಾಟಿದ್ದಿಲ್ಲ.

ಪುಸ್ತಕ ಶುದ್ಧ ಕಸ.

ಏಪ್ರಿಲ್ 9, ಮಂಗಳವಾರ

ಮೇಡಂ ನನ್ನ ಮಾತ್ರೆಗಳನ್ನು ತಾವೇ ತಂದುಕೊಟ್ಟರು. ಆಟ ಹೇಗೆ ನಡೆಯುತ್ತಿದೆ ಎಂದು ನಾನು ಕೇಳಲಿಲ್ಲ. ಅವರೇ ಶುರು ಮಾಡಿದರು.

"ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊದಲೆರಡು ವಾರ ತಲೆಬುಡ ಗೊತ್ತಾಗ್ಲಿಲ್ಲ. ಈಗ ಹಳೇದನ್ನ ಇಷ್ಟು ದಿನ ಹೇಗೆ ಆಡಿದ್ವಪ್ಪಾ ಅನ್ಸುತ್ತೆ. ಆ ಕೋಷ್ಟಕ, ಈ ಕೋಷ್ಟಕ, ಗುಣಿಸು, ಕಳಿ. ಈಗ ಸೂಜಿಯಜ್ಜಿ ಬೆಣ್ಣೆ ಮೇಲೆ ಚಾಕು ಆಡ್ದಂಗೆ ಓಡಾಡ್ತಾಳೆ."

ಸೂಜಿಯಜ್ಜಿ ಅವರ ಪಾತ್ರ, ಹನ್ನೊಂದು ವರ್ಷದಿಂದ ಅದೊಂದೇ. ಎಪ್ಪತ್ತು ದಾಟಿದ ಕಳ್ಳಿ, ಹೊಲಿಗೆ ಸೂಜಿಯಲ್ಲಿ ಬೀಗ ತೆಗೆಯುತ್ತಾಳೆ. ಮೇಡಂ ಅಂಗಡಿಯಲ್ಲಿ ಇಡೀ ದಿನ ನಯವಾಗಿ ಮಾತಾಡುವವರು. ಅಜ್ಜಿಯಾದರೆ ಬಾಯಿಗೆ ಬಂದಂತೆ ಬೈಯುತ್ತಾರೆ, ಅದನ್ನು ಕೇಳಲೆಂದೇ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದಿತ್ತು.

ಒಂದು ಗಂಟೆ ಕೂತು ಹೋದರು. ಆಮೇಲೆ ಪುಸ್ತಕ ತಿರುವಿದೆ. ನೂರಹನ್ನೆರಡನೆಯ ಪುಟದ ವ್ಯಾಪಾರದ ನಿಯಮ ಪರವಾಗಿಲ್ಲ.

ಏಪ್ರಿಲ್ 29, ಸೋಮವಾರ

ಹೋದ ವಾರ ಮತ್ತೆ ಕುರ್ಚಿಯಲ್ಲಿ ಹೊತ್ತು ಆಸ್ಪತ್ರೆಗೆ ಒಯ್ದು ಪಟ್ಟಿ ಬಿಚ್ಚಿಸಿದರು. ಮೂಳೆ ಕೂಡಿದೆ, ಊರುಗೋಲು ಹಿಡಿದು ನಡೆಯಿರಿ, ಎಷ್ಟು ನಡೆದರೆ ಅಷ್ಟು ಒಳ್ಳೆಯದು ಎಂದರು.

ಇವತ್ತು ನಮ್ಮ ಕಟ್ಟಡದ ಲಿಫ್ಟ್ ಸರಿಯಾಯಿತು. ಮಾಡಿದವನು ನನ್ನ ಜೊತೆಗಾರ, ನಾನು ಬಿದ್ದ ದಿನ ನನ್ನ ಜೊತೆ ಕೆಲಸಕ್ಕೆ ಬಂದಿದ್ದವನು. ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದ.

"ಅಣ್ಣಾ, ಆವತ್ತು ನಾನು ಟೀ ಕುಡಿಯೋಕೆ ಹೋಗ್ಬಾರದಿತ್ತು."

"ಬಿಡಪ್ಪ, ನಾನೇ ಹೋಗು ಅಂದಿದ್ದಲ್ವಾ."

"ಬನ್ನಿ, ಕೆಳಗೋಗಿ ಒಂದು ರೌಂಡ್ ಬರೋಣ. ನೀವೇ ಚೆಕ್ ಮಾಡಿ."

ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ. ಬ್ರೇಕಿನ ಸದ್ದು ಸರಿಯಿಲ್ಲ. ನಿಂತಾಗ ನೆಲದ ಮಟ್ಟಕ್ಕಿಂತ ಎರಡು ಬೆರಳು ಕೆಳಗಿದೆ. ಇಂಥದ್ದನ್ನು ನಾನು ಹತ್ತುವುದಿಲ್ಲ, ಮೊದಲು ಸರಿ ಮಾಡು ಎಂದೆ. ಅವನು ಟೇಪು ಹಿಡಿದು ಅಳೆದ. ಒಂದು ಕೂದಲೆಳೆಯೂ ವ್ಯತ್ಯಾಸ ಇಲ್ಲ ಎಂದ. ಅವನ ಟೇಪು ಹಳೆಯದು.

ಮೇ 5, ಭಾನುವಾರ

ಅಕ್ಕ ಬೆಳಿಗ್ಗೆಯಿಂದ ಒಂದೇ ಸಮನೆ. ಲಿಫ್ಟ್ ಇದೆ, ಕಾಲಿದೆ, ಕ್ಲಿನಿಕ್ ಎರಡು ಬೀದಿ ಆಚೆ ಇದೆ, ಹೋಗು. ಬಿಸಿಲು ಎಂದೆ. ಕೊಡೆ ತಂದಿಟ್ಟಳು. ಪಾದ ಊದಿದೆ ಎಂದೆ. ಎರಡೂ ಪಾದ ಪಕ್ಕಪಕ್ಕ ಇಟ್ಟು ನೋಡಿ, ಊದಿರುವುದು ನಿನ್ನ ಮುಖ ಎಂದಳು.

ನಿಜವಾದ ಕಾರಣ ಆ ಪುಸ್ತಕ. ಅಷ್ಟು ಕೆಟ್ಟ ನಿಯಮಗಳ ಆಟ ನೋಡಲು ನಾಲ್ಕು ಮಹಡಿ ಇಳಿದು ಹೋಗಬೇಕೇ? ಅಡುಗೆಮನೆಯಿಂದ ಕಿಟಕಿಗೆ ಹದಿನಾಲ್ಕು ಹೆಜ್ಜೆ. ದಿನಕ್ಕೆ ಐವತ್ತು ಸಲ ಓಡಾಡುತ್ತೇನೆ. ಅಷ್ಟು ವ್ಯಾಯಾಮ ಸಾಕು.

ಮೇ 12, ಭಾನುವಾರ

ಸೂಜಿಯಜ್ಜಿ ಸತ್ತಳು.

ಸಂಜೆ ಐದಕ್ಕೇ ಮೇಡಂ ಫೋನ್ ಬಂತು. ಸೇತುವೆಯ ಮೇಲೆ ಅಜ್ಜಿಗೆ ಬಾಣ ತಗುಲಿತು, ಬಿದ್ದಳು. ಹೊಸ ಪುಸ್ತಕದ ಪ್ರಕಾರ ಬಿದ್ದವರು ದಾಳ ಒಂದೇ ಸಲ ಉರುಳಿಸಬೇಕು, ಬೇಕಾದ ಅಂಕೆ ಬಂದರೆ ಜೀವ ಉಳಿಯಿತು, ಇಲ್ಲದಿದ್ದರೆ ಹೋಯಿತು. ಮೇಡಂ ಉರುಳಿಸಿದರು. ಹೋಯಿತು.

"ಮೂರು ಉಸಿರು ಇರ್ತಿತ್ತಲ್ವಾ ನಮ್ಮ ಹಳೇದ್ರಲ್ಲಿ? ಯಾರಾದ್ರೂ ಓಡಿ ಬಂದು ಎತ್ಕೋತಿದ್ರು. ಮೇಷ್ಟ್ರು ಅಲ್ಲೇ ಇದ್ರು, ನಾಲ್ಕೇ ಹೆಜ್ಜೆ. ಡಾಕ್ಟ್ರು ಪುಸ್ತಕ ತೋರಿಸಿದ್ರು, ಆಗಲ್ಲ ಅಂದ್ರು."

ಹಳೆಯ ಆಟದ ಪ್ರಾಣವೇ ಆ ನಿಯಮ. ಪಾತ್ರ ಬಿದ್ದರೆ ಮೂರು ಉಸಿರು, ಎಂದರೆ ಮೂರು ಸುತ್ತು, ಮಿಕ್ಕವರಿಗೆ ಅವಕಾಶ ಇರುತ್ತದೆ. ಅಷ್ಟರೊಳಗೆ ಯಾರಾದರೂ ಹೋಗಿ ಮುಟ್ಟಿದರೆ ಬಿದ್ದವರು ಬದುಕುತ್ತಾರೆ. ಮೇಜಿನಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದುದು ಆ ಮೂರು ಸುತ್ತಿನಲ್ಲೇ.

ಆಮೇಲೆ ಮೇಷ್ಟ್ರು ಫೋನ್ ಮಾಡಿ ಸಾಧ್ಯತೆಗಳ ಲೆಕ್ಕ ಕೊಟ್ಟರು. ಎರಡು ತಿಂಗಳು ಹೊಗಳಿದ ಬಾಯಲ್ಲೇ ಈಗ ಹೊಸ ಪುಸ್ತಕವನ್ನು ಕಟುಕರ ಪುಸ್ತಕ ಎಂದರು. ಇಪ್ಪತ್ತಾರಕ್ಕೆ ಎಲ್ಲರೂ ನಮ್ಮ ಮನೆಗೇ ಬರುತ್ತಾರೆ. ಹಳೆಯ ಆಟ, ಹಳೆಯ ಮೇಜು. ಅಜ್ಜಿ ಬಿದ್ದ ಜಾಗದಿಂದಲೇ ಹಳೆಯ ನಿಯಮದಲ್ಲಿ ಮತ್ತೆ ಶುರು. ನಾನು ಹೇಳಿದ್ದು ಮೂರು ತಿಂಗಳು, ಎರಡೇ ತಿಂಗಳಲ್ಲಿ ಮೂಲೆ ಸೇರಿತು. ಹಾಲು ಕುಡಿದಷ್ಟು ಸಂತೋಷವಾಗಿದೆ. ಅಕ್ಕನಿಗೂ ಹೇಳಿದೆ. ಅವಳು, "ಪಾಪ, ಅಜ್ಜಿ" ಎಂದಳು.

ಮೇ 15, ಬುಧವಾರ

ಪ್ರಕಾಶಕರಿಗೆ ಒಂದು ಖಾರವಾದ ಪತ್ರ ಬರೆಯೋಣ ಎಂದು ಕೂತೆ. ಎರಡನೆಯ ಆವೃತ್ತಿಯ ಮೂರು ಉಸಿರಿನ ನಿಯಮ ಇಂಥ ಪುಟದಲ್ಲಿದೆ, ಅದನ್ನು ಕಿತ್ತುಹಾಕಲು ನಿಮಗೆ ಮನಸ್ಸಾದರೂ ಹೇಗೆ ಬಂತು, ಹೀಗೆ. ಪುಟದ ಸಂಖ್ಯೆ ಹಾಕಬೇಕಿತ್ತು. ಹಳೆಯ ಪುಸ್ತಕ ತೆಗೆದೆ. ಗಾಯದ ಅಧ್ಯಾಯದಲ್ಲಿ ಇಲ್ಲ. ಸಾವಿನ ಅಧ್ಯಾಯದಲ್ಲಿ ಇಲ್ಲ. ಅನುಬಂಧದಲ್ಲೂ ಇಲ್ಲ.

ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು ಹೀಗೆ ಪೂರ್ತಿ ಓದಿದ್ದು, ಬಾಯಿಪಾಠ ಇದ್ದದ್ದನ್ನು ಯಾರು ತೆಗೆದು ನೋಡುತ್ತಾರೆ. ಅರವತ್ತನಾಲ್ಕನೆಯ ಪುಟದಲ್ಲಿ ಒಂದೇ ಸಾಲು ಇದೆ. ಬಲ ಮುಗಿದ ಪಾತ್ರ ಆ ಕ್ಷಣವೇ ಸಾಯುತ್ತದೆ. ದಾಳವೂ ಇಲ್ಲ.

ಹೊಸ ಪುಸ್ತಕ ಒಂದು ಸಲವಾದರೂ ಉರುಳಿಸಲು ಬಿಡುತ್ತದೆ.

ಮೇ 16, ಗುರುವಾರ

ನೆನಪಾಯಿತು.

ಹನ್ನೊಂದು ವರ್ಷದ ಹಿಂದೆ ಮೇಡಂ ಮೊದಲ ಸಲ ಬಂದ ದಿನ. ಮೂರು ಜನ ಆಡುತ್ತಿದ್ದ ಮೇಜಿನಲ್ಲಿ ಇಬ್ಬರು ಊರು ಬಿಟ್ಟಿದ್ದರು, ಮೇಷ್ಟ್ರು ಒಬ್ಬರೇ ಉಳಿದಿದ್ದರು. ಮೇಡಂ ಬರದಿದ್ದರೆ ಆಟವೇ ನಿಲ್ಲುತ್ತಿತ್ತು. ಮೊದಲ ಅರ್ಧ ಗಂಟೆಯಲ್ಲೇ ಸೂಜಿಯಜ್ಜಿ ಬಾವಿಗೆ ಬಿದ್ದಳು. ಬಲ ಮುಗಿಯಿತು. ಮೇಡಂ, "ಓ, ಅಷ್ಟೇನಾ?" ಎಂದು ಕೆಳಗಿಟ್ಟಿದ್ದ ಬ್ಯಾಗಿಗೆ ಕೈ ಹಾಕಿದರು. ತಡೀರಿ, ಮೂರು ಉಸಿರು ಇದೆ ಎಂದೆ. ಬಾಯಿಗೆ ಬಂದದ್ದು ಅದು. ಮೇಷ್ಟ್ರು ನನ್ನ ಮುಖ ನೋಡಿದ ನೆನಪು. ಆದರೆ ಅವರೂ ಹಗ್ಗ ಇಳಿಬಿಟ್ಟರು, ಅಜ್ಜಿ ಬದುಕಿದಳು. ಮುಂದಿನ ಬಾರಿ ಮೇಷ್ಟ್ರ ಪಾತ್ರ ಬಿದ್ದಾಗಲೂ ಅದನ್ನೇ ಹೇಳಿದೆ. ಆಮೇಲೆ ನಾನೇ ನಂಬಿದೆ.

ಮೇ 21, ಮಂಗಳವಾರ

ಹೇಳುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಹೇಳಿ ಯಾರಿಗೆ ಏನು ಸಿಗಬೇಕು? ಮೇಡಂಗೆ ಅಜ್ಜಿ ಬೇಕು, ಅಜ್ಜಿ ಬರುತ್ತಾಳೆ. ಮೇಷ್ಟ್ರ ಮಂಡಿಗೆ ಲಿಫ್ಟ್ ಇದೆ. ಪ್ರತಿ ಭಾನುವಾರ ಅವರೇ ಇಲ್ಲಿಗೆ ಬರುತ್ತಾರೆ, ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ನಿಯಮ ಹಳೆಯ ಪುಸ್ತಕದ್ದಲ್ಲ ಎಂದು ಗೊತ್ತಾದರೆ ಹಳೆಯ ಪುಸ್ತಕಕ್ಕೆ ಮರಳಲು ಅವರಿಗೆ ಕಾರಣವೇ ಇಲ್ಲ. ಹೊಸದೇ ಮೆತ್ತಗೆ ಎಂದು ಕ್ಲಿನಿಕ್ಕಿಗೇ ಹೋಗುತ್ತಾರೆ. ಬಾಯಿಗೆ ಬೀಗ ಹಾಕಿಕೊಂಡರೆ ಎಲ್ಲರಿಗೂ ಕ್ಷೇಮ.

ಕಂಪನಿಯವರು ಜೂನ್ ಮೂರಕ್ಕೆ ಕೆಲಸಕ್ಕೆ ಬನ್ನಿ ಎಂದರು. ಕಾಲು ಇನ್ನೂ ನೋಯುತ್ತಿದೆ ಎಂದೆ. ಅಕ್ಕ ಬಟ್ಟೆ ಮಡಚುತ್ತಾ ಕೇಳಿಸಿಕೊಂಡಳು.

"ಕಾಲು ನೋಯ್ತಿಲ್ಲ ಕಣೋ ನಿಂಗೆ."

"ನಿಂಗೇನು ಗೊತ್ತು?"

"ನೋವಿರೋನು ದಿನಕ್ಕೆ ಏಳುನೂರು ಹೆಜ್ಜೆ ಹಾಕಲ್ಲ. ನಾನೂ ಎಣಿಸ್ತೀನಿ."

ಕಿಟಕಿ ಪರದೆ ಎಳೆದುಬಿಟ್ಟೆ. ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು.

ಮೇ 26, ಭಾನುವಾರ

ಮೂರು ಗಂಟೆಗೆ ಎಲ್ಲರೂ ಬಂದರು. ಮೇಜಿನ ಮೇಲೆ ಹಳೆಯ ಪುಸ್ತಕ, ಹಳೆಯ ದಾಳ, ಅಕ್ಕ ಇಟ್ಟ ಟೀ. ನಾನು ಬಯಸಿದ್ದೆಲ್ಲ ಬಯಸಿದ ಹಾಗೇ ಇತ್ತು. ಹಲ್ಲು ಡಾಕ್ಟರ್ ಮಾತ್ರ ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದಳು, ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಇದ್ದು ಹೋಗುತ್ತೇನೆ, ಇನ್ನು ಮೇಲೆ ಸೂತ್ರಧಾರಿಕೆ ಮಾಡುವುದಿಲ್ಲ, ಆಡಲೂ ಮನಸ್ಸಿಲ್ಲ ಎಂದಳು. ಎರಡು ವಾರದಿಂದ ಮೇಡಂ ಅವಳ ಫೋನ್ ಎತ್ತಿಲ್ಲವಂತೆ.

ಮೇಡಂ ಹಳೆಯ ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ಸೂತ್ರಧಾರ್ರೇ, ಆ ನಿಯಮ ಜೋರಾಗಿ ಓದಿ. ಡಾಕ್ಟ್ರು ಒಂದ್ಸಲ ಕೇಳಿಸ್ಕೊಳ್ಳಲಿ."

ಪುಸ್ತಕ ತೆರೆದೆ. ಮೂರು ಉಸಿರು ಎಂದು ಓದದೆಯೂ ಹೇಳಬಹುದಿತ್ತು, ಕಣ್ಣನ್ನು ಪುಟದ ಮೇಲಿಟ್ಟು ಬಾಯಿಪಾಠ ಒಪ್ಪಿಸಿದ್ದರೆ ಸಾಕಿತ್ತು. ಹಲ್ಲು ಡಾಕ್ಟರ್ ತಲೆ ತಗ್ಗಿಸಿ ಚೀಲದ ಜಿಪ್ಪು ಹಾಕುತ್ತಿದ್ದಳು. ಎಂಟು ವರ್ಷದಿಂದ ಒಂದು ಭಾನುವಾರವೂ ತಪ್ಪಿಸದವಳು. ಅರವತ್ತನಾಲ್ಕನೆಯ ಪುಟದ ಸಾಲನ್ನು ಇದ್ದ ಹಾಗೇ ಓದಿದೆ.

ಮೇಷ್ಟ್ರು ಪುಸ್ತಕ ಎಳೆದುಕೊಂಡು ತಾವೇ ಓದಿದರು. "ಹಾಗಾದ್ರೆ ಹೊಸದೇ ವಾಸಿ," ಎಂದರು. "ಅದ್ರಲ್ಲಿ ಒಂದು ದಾಳಾನಾದ್ರೂ ಇದೆ."

"ಮೂರು ಉಸಿರು?" ಎಂದರು ಮೇಡಂ.

"ನಾನು ಹೇಳಿದ್ದು. ಪುಸ್ತಕದ್ದಲ್ಲ. ನೀವು ಬಾವಿಗೆ ಬಿದ್ದ ದಿನ."

ಅವರು ಬಹಳ ಹೊತ್ತು ದಾಳವನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. "ಅಂದ್ರೆ ಅಜ್ಜಿ ಹನ್ನೊಂದು ವರ್ಷದ ಹಿಂದೆನೇ ಸತ್ತಿದ್ಲು."

"ಹೌದು."

"ಯಾಕೆ ಹಾಗೆ ಹೇಳಿದ್ರಿ ಆವತ್ತು?"

"ನೀವು ಬ್ಯಾಗ್ ತಗೊಂಡ್ರಿ. ಎದ್ದು ಹೋಗ್ಬಿಡ್ತೀರ ಅಂತ ಭಯ ಆಯ್ತು."

ಮೇಡಂ ಎದ್ದು ಹಲ್ಲು ಡಾಕ್ಟರ್ ಪಕ್ಕಕ್ಕೆ ಹೋಗಿ ನಿಂತರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ, ಅವಳು ಹೂಂ ಎಂದು ತಲೆ ಆಡಿಸಿದಳು. ಇಬ್ಬರೂ ಒಟ್ಟಿಗೇ ಹೊರಟರು. ಟೀ ಯಾರೂ ಮುಟ್ಟಲಿಲ್ಲ. ಹೊರಡುವಾಗ ಮೇಷ್ಟ್ರು ಹೇಳಿದರು, "ಮುಂದಿನ ಭಾನುವಾರ ಕ್ಲಿನಿಕ್ಕಲ್ಲಿ. ಬರೋದಾದ್ರೆ ಬನ್ನಿ. ನಾವಂತೂ ಇನ್ನು ಇಲ್ಲಿಗೆ ಬರಲ್ಲ." ಕೋಪದಲ್ಲಿ ಹೇಳಲಿಲ್ಲ, ತರಗತಿಯಲ್ಲಿ ಉತ್ತರ ಹೇಳುವ ಹಾಗೆ ಹೇಳಿದರು.

ಮೇ 29, ಬುಧವಾರ

ಅಕ್ಕ ಕೆಲಸಕ್ಕೆ ಹೋದ ಮೇಲೆ ಲಿಫ್ಟಿನ ಮುಂದೆ ನಿಂತೆ. ಬಟನ್ ಒತ್ತಿದೆ. ಬಂತು. ಬಾಗಿಲು ತೆರೆಯಿತು. ಮಟ್ಟ ಸರಿಯಾಗಿದೆ, ಒಂದು ಕೂದಲೆಳೆಯೂ ವ್ಯತ್ಯಾಸ ಇಲ್ಲ. ಬಾಗಿಲು ಮುಚ್ಚಿತು. ಹಾಗೆ ಆರು ಸಲ.

ಇಲ್ಲಿ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಆವತ್ತು ಗುಂಡಿಯಲ್ಲಿ ನಲವತ್ತು ನಿಮಿಷ ಬಿದ್ದಿದ್ದೆ. ಬೀಳುವುದು ಒಂದು ಕ್ಷಣ, ಅದು ನೆನಪೂ ಇಲ್ಲ. ನೆನಪಿರುವುದು ಆಮೇಲಿನದು. ಕಿರುಚಿದೆ. ಮೇಲೆ ಅಂಗಡಿಯಲ್ಲಿ ಹಾಡು ಹಾಕಿದ್ದರು. ಮಹಡಿ ಮಹಡಿಯಲ್ಲೂ ಜನ ಲಿಫ್ಟಿಗಾಗಿ ಬಟನ್ ಒತ್ತುವುದು ಕೇಳಿಸುತ್ತಿತ್ತು, ಲಿಫ್ಟ್ ಬರಲಿಲ್ಲ ಎಂದು ಬೈದುಕೊಂಡು ಮೆಟ್ಟಿಲಲ್ಲಿ ಹೋಗುತ್ತಿದ್ದರು. ಒಬ್ಬರಿಗೂ ಬಗ್ಗಿ ನೋಡಬೇಕು ಎನಿಸಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನರನ್ನು ನಡುವೆ ಸಿಕ್ಕಿಕೊಂಡ ಲಿಫ್ಟುಗಳಿಂದ ಇಳಿಸಿಕೊಂಡಿದ್ದೇನೆ, ಎಲ್ಲರಿಗೂ 'ಹೆದರಬೇಡಿ, ಬಂದೆ' ಎಂದು ಕೂಗಿದ್ದೇನೆ. ನನಗೆ ಯಾರೂ ಕೂಗಲಿಲ್ಲ.

ನನಗೆ ಭಯವಾಗುತ್ತದೆ. ಕಾಲು ನೋಯುತ್ತಿಲ್ಲ.

ಮೇ 31, ಶುಕ್ರವಾರ

ಕಂಪನಿಗೆ ನಾನೇ ಫೋನ್ ಮಾಡಿದೆ. ಗುಂಡಿಗೆ ಇಳಿಯುವ ಕೆಲಸ ಸದ್ಯಕ್ಕೆ ಆಗುವುದಿಲ್ಲ ಎಂದೆ. ಯಾಕೆ ಎಂದರು. ಭಯ ಎಂದೆ. ಆ ಕಡೆ ಪಕ್ಕದವರನ್ನು ಏನೋ ಕೇಳಿದರು. ಆಮೇಲೆ, "ಸರಿ, ವರ್ಕ್‌ಶಾಪಲ್ಲಿ ಮೋಟಾರ್ ಬಿಚ್ಚೋ ಕೆಲಸ ನೋಡ್ಕೊಳ್ಳಿ, ನೆಲಮಹಡಿ" ಎಂದರು. ಇಷ್ಟೇ ಇದ್ದದ್ದು.

ಜೂನ್ 2, ಭಾನುವಾರ

ಮೂರನೆಯ ಆವೃತ್ತಿಯ ಬಗ್ಗೆ ಇವತ್ತು ಸರಿಯಾಗಿ ಬರೆಯಬೇಕು, ಓದುವುದೇ ಬೇರೆ ಆಡುವುದೇ ಬೇರೆ. ವ್ಯಾಪಾರದ ನಿಯಮ ಓದುವಾಗ ಚೆನ್ನಾಗಿತ್ತು, ಆಡುವಾಗ ಎಳೆಯುತ್ತದೆ. ಕತ್ತಿ, ದೊಣ್ಣೆಗೆ ಒಂದೇ ಲೆಕ್ಕ ಎಂಬುದು ನನಗೆ ಈಗಲೂ ಒಪ್ಪಿಗೆ ಇಲ್ಲ. ಆದರೆ ಕೋಷ್ಟಕ ಹುಡುಕುವ ಕೆಲಸ ಇಲ್ಲದ್ದರಿಂದ ಆಡುವವರ ಮುಖ ನೋಡಲು ಪುರುಸೊತ್ತು ಸಿಗುತ್ತದೆ. ಹಲ್ಲು ಡಾಕ್ಟರ್ ಕಥೆ ಹೇಳುವಾಗ ಕೈ ಜಾಸ್ತಿ ಆಡಿಸುತ್ತಾಳೆ, ಸೂತ್ರಧಾರರು ಕೈ ಕಟ್ಟಿ ಕೂರಬೇಕು. ಹೇಳಿದೆ. ಬಾಯಿ ತೆಗೆಸಿ ಹಲ್ಲು ನೋಡ್ತೀನಿ ಎಂದು ಹೆದರಿಸಿದಳು.

ಕ್ಲಿನಿಕ್ಕಿನ ಬೆಂಚು ಬಹಳ ಗಟ್ಟಿ. ಎದುರಿನ ಗೋಡೆಯಲ್ಲಿ ಹುಳುಕು ಹಲ್ಲಿನ ದೊಡ್ಡ ಚಿತ್ರ, ಮೂರು ಗಂಟೆ ಅದನ್ನೇ ನೋಡಬೇಕು. ಮನೆಯಿಂದ ಹೊರಡುವಾಗ ಲಿಫ್ಟ್ ಹತ್ತಲಿಲ್ಲ, ಅದು ಇನ್ನೂ ಆಗುವುದಿಲ್ಲ. ಮೆಟ್ಟಿಲಲ್ಲಿ ಇಳಿದೆ, ಇಪ್ಪತ್ತಾರು ನಿಮಿಷ. ಮೇಷ್ಟ್ರಿಗೆ ಅದನ್ನು ಹೇಳಿದಾಗ, ನಿಮಿಷಕ್ಕೆ ಎಷ್ಟು ಮೆಟ್ಟಿಲು ಎಂದು ಕೇಳಿದರು. ಮೇಡಂ ಮಾತ್ರ ಬನ್ನಿ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತರು.

ನಾನು ಆಡಿದ್ದು ಒಬ್ಬ ಅಂಬಿಗನ ಪಾತ್ರ. ಆಟ ಶುರುವಾದ ಒಂದೂವರೆ ಗಂಟೆಗೇ ಹೊಳೆಯಲ್ಲಿ ಬಲ ಮುಗಿಯಿತು. ಎಲ್ಲರೂ ಮೇಡಂ ಕಡೆ ನೋಡಿದರು. "ಒಂದೇ ಸಲ," ಎಂದರು ಅವರು, "ಪುಸ್ತಕದಲ್ಲಿರೋದು ಅಷ್ಟೇ." ಉರುಳಿಸಿದೆ. ಸತ್ತೆ. ನಾನು ದಾಳ ಪಕ್ಕಕ್ಕಿಟ್ಟು, ನೀವು ಮುಂದುವರಿಸಿ, ನಾನು ನೋಡುತ್ತಾ ಕೂರುತ್ತೇನೆ ಎಂದೆ. ಮೇಡಂ ಒಂದು ಖಾಲಿ ಹಾಳೆ ನನ್ನ ಮುಂದೆ ಇಟ್ಟು ಪೆನ್ನಿನ ಮುಚ್ಚಳ ತೆಗೆದುಕೊಟ್ಟರು.

ಹಳೆಯ ಆವೃತ್ತಿಯಲ್ಲಿ ಹೊಸ ಪಾತ್ರ ಬರೆಯಲು ಹತ್ತು ನಿಮಿಷ ಸಾಕು. ಇದರಲ್ಲಿ ಆ ಖಾನೆ, ಈ ಖಾನೆ, ಭಯದ ಖಾನೆ ಬೇರೆ, ಅರ್ಧ ಗಂಟೆಗೂ ಮುಗಿಯಲಿಲ್ಲ. ಹೊಸ ಆವೃತ್ತಿಯ ದೊಡ್ಡ ದೋಷ ಇದೇ. ಒಬ್ಬ ಸತ್ತರೆ ಅವನು ಎದ್ದು ಬರುವವರೆಗೆ ಮಿಕ್ಕವರೆಲ್ಲ ಕೈ ಕಟ್ಟಿಕೊಂಡು ಕಾಯಬೇಕು. ಕಾದರು.